ಕನ್ನಡ ಹೋಗಿ ಪ್ರಶ್ನೆಚಿಹ್ನೆ ಬಂತು

ಸಾಹಿತ್ಯ ಪತ್ರಿಕೆಯ ಸಂಪಾದಕೀಯದಲ್ಲಿ ಡೇಟಾಬೇಸಿನ ಮಾತೇಕೆ ಎಂದು ಹುಬ್ಬೇರಿಸುವವರು ಇರುತ್ತಾರೆ, ಗೊತ್ತು. ಆದರೆ ಈಗ ಬರೆದದ್ದರಲ್ಲಿ ಎಷ್ಟೋ ಭಾಗ ಕಾಗದ ಮುಟ್ಟುವುದೇ ಇಲ್ಲ. ನೇರವಾಗಿ ಯಾವುದೋ ಸರ್ವರಿನ ಟೇಬಲ್ಲಿಗೆ ಹೋಗಿ ಕೂರುತ್ತದೆ. ಆ ಟೇಬಲ್ ಕಟ್ಟುವವರಲ್ಲಿ ಹೊಸಬರೇ ಬಹಳ. ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಶಾಲೆಯ ಲೈಬ್ರರಿ ಪಟ್ಟಿಯನ್ನು ವೆಬ್‌ಸೈಟಿಗೆ ಏರಿಸಹೊರಟ ಮೇಷ್ಟ್ರು, ನಾಟಕ ಸಂಘದ ಹಳೇ ಕರಪತ್ರಗಳನ್ನು ಒಂದು ಕಡೆ ಕೂಡಿಡಬೇಕೆಂದಿರುವ ನಿವೃತ್ತ ಗುಮಾಸ್ತರು. ಇವರು ಕೇಳುವ ಪ್ರಶ್ನೆಗಳನ್ನು ಈ ಕಸುಬಿನ ಹಿರಿಯರು ಒಂದೋ ಬಾಲಿಶವೆಂದು ತಳ್ಳಿಹಾಕುತ್ತಾರೆ, ಇಲ್ಲವೇ ಎರಡು ಸಾಲು ಕೋಡ್ ಕೊಟ್ಟು "ಇದನ್ನ ಹಾಕಿ, ಸರಿಹೋಗುತ್ತೆ" ಎಂದು ಕಳಿಸಿಬಿಡುತ್ತಾರೆ. ಸರಿಹೋಗುವುದೂ ನಿಜ. ಯಾಕೆ ಕೆಟ್ಟಿತ್ತು ಎಂಬುದು ಮಾತ್ರ ಕೇಳಿದವರಿಗೆ ಕೊನೆವರೆಗೂ ತಿಳಿಯುವುದಿಲ್ಲ. ನನಗನ್ನಿಸುವ ಮಟ್ಟಿಗೆ ಅಕ್ಷರ ಎಂದರೇನು, ಹೆಸರು ಎಂದರೇನು, ಅಕಾರಾದಿ ಎಂದರೇನು ಎಂಬ ನಮ್ಮ ಹಳೇ ತಕರಾರುಗಳೇ ಆ ಬಾಲಿಶ ಪ್ರಶ್ನೆಗಳ ಒಳಗೆ ಕೂತಿವೆ.

"ಸರ್, ಕನ್ನಡದಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ತೆಗೆದು ನೋಡಿದರೆ ಸಾಲಿಗೆ ಸಾಲೇ ಪ್ರಶ್ನೆಚಿಹ್ನೆ." ಇದನ್ನು ಕೇಳದ ಹೊಸಬರು ಕಡಿಮೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ 1995ರಲ್ಲಿ ಬಂತು. ಪುಕ್ಕಟೆ ಸಿಗುತ್ತದೆಂದು ಸಣ್ಣಪುಟ್ಟ ವೆಬ್‌ಸೈಟುಗಳೆಲ್ಲ ಅದನ್ನೇ ಹಿಡಿದವು. 2018ರಲ್ಲಿ ಅದರ 8.0 ಆವೃತ್ತಿ ಬರುವತನಕ, ಕಟ್ಟುವವರು ಬೇರೆ ಏನನ್ನೂ ಹೇಳದಿದ್ದರೆ, ಟೇಬಲ್ಲು ಲ್ಯಾಟಿನ್-1 ಎಂಬ ಅಕ್ಷರಪಟ್ಟಿಯಲ್ಲಿ ತಯಾರಾಗುತ್ತಿತ್ತು. ಆ ಪಟ್ಟಿಯಲ್ಲಿರುವುದು 256 ಮನೆ. ಎಲ್ಲವೂ ಪಶ್ಚಿಮ ಯುರೋಪಿನ ಭಾಷೆಗಳಿಗೆ ಹಂಚಿಹೋದವು. ಕಂಪನಿ ಸ್ವೀಡನ್ನಿನದಾದ್ದರಿಂದ ಪದಗಳನ್ನು ಸಾಲುಗೂಡಿಸುವ ಕ್ರಮವೂ ಸ್ವೀಡಿಷ್ ಭಾಷೆಯದೇ. ಅಲ್ಲಿಗೆ ಕನ್ನಡದ ಕ ಬಂದರೆ ಕೂರಲು ಜಾಗವಿಲ್ಲ. ಹಳೇ ಆವೃತ್ತಿಗಳು ಜಗಳವನ್ನೂ ಆಡದೆ ಅದರ ಬದಲಿಗೆ ಒಂದು ಪ್ರಶ್ನೆಚಿಹ್ನೆ ಕೂರಿಸಿ ಕೆಲಸ ಮುಗಿಯಿತೆನ್ನುತ್ತಿದ್ದವು. ಹಾಗೆ ಕೂತ ಚಿಹ್ನೆಯಿಂದ ಮೂಲ ಅಕ್ಷರವನ್ನು ವಾಪಸು ಪಡೆಯುವ ದಾರಿಯಿಲ್ಲ. ಕವಿತೆ ಹೋಯಿತು ಎಂದರೆ ಹೋಯಿತು.

ಇದರ ದಾಯಾದಿ ಕಾಯಿಲೆ ಇನ್ನೊಂದಿದೆ. ಪರದೆಯ ಮೇಲೆ ಪ್ರಶ್ನೆಚಿಹ್ನೆ ಇರುವುದಿಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಎ, ಪಕ್ಕದಲ್ಲೊಂದು ಪುಟ್ಟ 2, ಆಮೇಲೆ ಏನೋ ಚುಕ್ಕೆ, ಮತ್ತೆ ಅದೇ ಎ, ಅದೇ 2. ನೋಡಿದರೆ ಭಯವಾಗುತ್ತದೆ. ಆದರೆ ಇಲ್ಲಿ ಕಳೆದುಹೋದದ್ದು ಏನೂ ಇಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಆ ಮೂರನ್ನು ಯಾರೋ ಒಂದೊಂದಾಗಿ ಬಿಡಿಸಿ ಮೂರು ಯುರೋಪಿಯನ್ ಚಿಹ್ನೆಗಳೆಂದು ಓದಿದ್ದಾರೆ, ಅಷ್ಟೆ. ಇದು ಯುಟಿಎಫ್-8 ಎಂದು ಓದುವ ಕಡೆ ಹೇಳಿದರೆ ಕನ್ನಡ ಎದ್ದುಬರುತ್ತದೆ. ಬ್ರೌಸರಿನ ಪುಟ, ಸರ್ವರಿನ ಜೊತೆಗಿನ ಕನೆಕ್ಷನ್, ಟೇಬಲ್ಲು, ಈ ಮೂರೂ ಒಂದೇ ಪದ್ಧತಿ ಒಪ್ಪಿರಬೇಕು. ಎರಡು ಒಪ್ಪಿ ಮೂರನೆಯದು ಮುನಿಸಿಕೊಂಡಿರುವುದೇ ಹೆಚ್ಚು. ಮೊದಲ ಕಾಯಿಲೆಗೆ ಮದ್ದಿಲ್ಲ, ಎರಡನೆಯದಕ್ಕೆ ಇದೆ. "ಎರಡು ಸಾಲು ಹಾಕಿ" ಎನ್ನುವವರು ಈ ವ್ಯತ್ಯಾಸ ಹೇಳದೇ ಹೋದದ್ದರಿಂದ ಉಳಿಸಿಕೊಳ್ಳಬಹುದಾಗಿದ್ದ ಬರಹವನ್ನೂ ಜನ ಡಿಲೀಟ್ ಮಾಡಿ ಕೂತಿದ್ದಾರೆ.

ಇನ್ನೊಂದು ತಮಾಷೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಹಳೇ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ ಅದೇ ಲ್ಯಾಟಿನ್ ಟೇಬಲ್ಲಿನಲ್ಲಿ ಕೂದಲೂ ಕೊಂಕದೆ ಉಳಿಯುತ್ತಿತ್ತು. ಯಾಕೆಂದರೆ ಒಳಗೆ ಅದು ಕನ್ನಡವೇ ಅಲ್ಲ. ರೋಮನ್ ಸಂಕೇತಗಳಿಗೆ ಕನ್ನಡದ ಮುಖ ತೊಡಿಸಿದ್ದು. ಫಾಂಟು ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಿಜವಾದ ಕನ್ನಡ ಪ್ರಶ್ನೆಚಿಹ್ನೆಯಾಯಿತು, ವೇಷದ ಕನ್ನಡ ಬದುಕಿಕೊಂಡಿತು. "ಯೂನಿಕೋಡ್ ತೊಂದರೆ ಕಣ್ರೀ, ಹಳೇದೇ ವಾಸಿ" ಎಂದು ಡಿಟಿಪಿ ಅಂಗಡಿಗಳಲ್ಲಿ ಹೇಳುತ್ತಿದ್ದುದು ಬರೀ ಹಟದಿಂದಲ್ಲ. ಅವರು ಕಣ್ಣಾರೆ ಕಂಡದ್ದು ಅದನ್ನೇ.

ಮುಂದಿನ ಪ್ರಶ್ನೆ: "ಕನ್ನಡ ಅಂತ ಬರೆದು ಎಷ್ಟು ಅಕ್ಷರ ಅಂತ ಕೇಳಿದರೆ ಐದು ಅನ್ನುತ್ತೆ. ಪೈಥಾನ್‌ನಲ್ಲಿ ಬಗ್ ಇದೆಯಾ?" ಇಲ್ಲ. ಕ, ನ, ಹಲಂತದ ಗುರುತು, ಮತ್ತೆ ನ, ಆಮೇಲೆ ಡ. ಸಂಕೇತ ಐದು, ಬೈಟು ಹದಿನೈದು, ಓದುವವರ ಬಾಯಲ್ಲಿ ಅಕ್ಷರ ಮೂರು. ಛಂದಸ್ಸು ಕಲಿತವರು ಮಾತ್ರೆ ಎಣಿಸಿ ನಾಲ್ಕು ಎಂದಾರು. ಯಾರದೂ ತಪ್ಪಲ್ಲ, ಆದರೆ ಯಾವ ಲೆಕ್ಕ ಯಾವ ಕೆಲಸಕ್ಕೆ ಎಂಬುದು ಗೊತ್ತಿರಬೇಕು. ಮುಖಪುಟದಲ್ಲಿ ಶೀರ್ಷಿಕೆಯ ಮೊದಲ ಮೂರು "ಅಕ್ಷರ" ಮಾತ್ರ ತೋರಿಸು ಎಂದು ಬರೆದ ಕೋಡ್ ಕನ್ನಡವನ್ನು 'ಕನ್' ಎಂದು ಕತ್ತರಿಸಿಬಿಡುತ್ತದೆ. ಸುದ್ದಿತಾಣಗಳ ತಲೆಬರಹಗಳು ಅರ್ಧಾಕ್ಷರದಲ್ಲಿ ನೇತಾಡುವುದನ್ನು ನೀವೂ ನೋಡಿರುತ್ತೀರಿ.

ಹುಡುಕಾಟದ ಪಾಡು ಇನ್ನೂ ಸೂಕ್ಷ್ಮ. ಕೋಲಾರದ 'ಕೋ' ಯೂನಿಕೋಡ್‌ನಲ್ಲಿ ಎರಡು ರೀತಿ ಕೂರಬಹುದು: ಕ ಜೊತೆಗೆ ಓತ್ವದ ಒಂದೇ ಚಿಹ್ನೆ, ಅಥವಾ ಕ ಜೊತೆಗೆ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘದ ಗುರುತು, ಹೀಗೆ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ. ಬೈಟಿಗೆ ಬೈಟು ಹೋಲಿಸುವ ಹುಡುಕಾಟಕ್ಕೆ ಎರಡು ಬೇರೆ ಊರು. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ ಮತ್ತು ವ ಒತ್ತಾಗಿ ಅಂಟಿಕೊಳ್ಳದಿರಲೆಂದು ನಡುವೆ ಕಾಣದ ಚಿಹ್ನೆಯೊಂದನ್ನು ಒತ್ತುತ್ತೇವಲ್ಲ, ಅದನ್ನು ಹಾಕಿದವರ ಲೇಖನ ಹಾಕದವರ ಹುಡುಕಾಟಕ್ಕೆ ಸಿಗದೇ ಹೋಗಬಹುದು. ಟೇಬಲ್ಲಿಗೆ ಸೇರಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವ್ಯವಸ್ಥೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಉಂಟು; ಕಾಣದ ಚಿಹ್ನೆಯ ಲೆಕ್ಕ ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು. ಹೇಳಿಕೊಡುವವರು ಬೇಕಷ್ಟೆ.

ಅಕಾರಾದಿಯ ವಿಷಯಕ್ಕೆ ಬಂದರೆ ನಿಘಂಟಿನ ಕೆಲಸ ಮಾಡಿದವರು ಬೆಚ್ಚಿಬೀಳಬೇಕು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಪಕ್ಕದಲ್ಲೇ, ವ ಬರುವ ಮೊದಲೇ ಕೂತಿದೆ. ಸಂಕೇತದ ಸಂಖ್ಯೆ ನೋಡಿಯೇ ಜೋಡಿಸುವ ಡೇಟಾಬೇಸ್ 'ಕಳೆ'ಯನ್ನು ಮೊದಲಿಟ್ಟು 'ಕವಿ'ಯನ್ನು ಆಮೇಲೆ ಇಡುತ್ತದೆ. ನಿಘಂಟಿನಲ್ಲಿ ಕವಿ ಮೊದಲು. ಭಾಷೆಯ ಕ್ರಮ ಬಲ್ಲ ಕೊಲೇಶನ್, ಅಂದರೆ ಜೋಡಣೆಯ ನಿಯಮ, ಬೇಕೆಂದು ಟೇಬಲ್ ಕಟ್ಟುವಾಗಲೇ ಕೇಳಬೇಕು. ಕೇಳಬೇಕೆಂಬುದು ಗೊತ್ತಿಲ್ಲದವರು ಪಟ್ಟಿ ಹೇಗೆ ಬಂತೋ ಹಾಗೆಯೇ ಪ್ರಕಟಿಸುತ್ತಾರೆ.

ಅಕ್ಷರ ಬಿಟ್ಟು ಹೆಸರಿಗೆ ಬರೋಣ. ಮಂಗಳೂರು, ಉಡುಪಿ ಕಡೆಯ ಯಾವ ಶಾಲೆಯ ಹಾಜರಿ ಪಟ್ಟಿ ತೆಗೆದರೂ ಡಿ'ಸೋಜ, ಡಿ'ಕುನ್ಹ, ಡಿ'ಸಿಲ್ವ ಎಂಬ ಹೆಸರುಗಳು ಸಿಗುತ್ತವೆ. ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಒಂದು ಮೇಲುಕೊಕ್ಕೆ. ಹೊಸಬ ಬರೆದ ಪ್ರೋಗ್ರಾಂ ಭಟ್ಟರನ್ನೂ ಶೆಟ್ಟರನ್ನೂ ಸೇರಿಸಿಕೊಂಡು ಡಿ'ಸೋಜರ ಹತ್ತಿರ ಬಂದು ಎರರ್ ಕೊಟ್ಟು ನಿಲ್ಲುತ್ತದೆ. ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಹೆಸರನ್ನು ಎರಡು ಕೊಕ್ಕೆಗಳ ನಡುವೆ ಇಡಬೇಕು. ಹೆಸರಿನೊಳಗೇ ಇರುವ ಕೊಕ್ಕೆಯನ್ನು ಕಂಡ ಡೇಟಾಬೇಸ್ ಹೆಸರು ಮುಗಿಯಿತೆಂದು ತಿಳಿದು, ಉಳಿದ 'ಸೋಜ'ವನ್ನು ತನಗೆ ಬಂದ ಆಜ್ಞೆ ಎಂದು ಓದಹೊರಡುತ್ತದೆ. ಹೊಸಬರು ಥಟ್ಟನೆ ಹುಡುಕುವ ಪರಿಹಾರ ಎಂದರೆ ಕೊಕ್ಕೆ ಕಿತ್ತುಹಾಕುವುದು. ಆಗ ಮಗುವಿನ ಹೆಸರು ಅಂಕಪಟ್ಟಿಯಲ್ಲಿ ಒಂದು, ಇಲ್ಲಿ ಒಂದು.

ಡೇಟಾ ಆಜ್ಞೆಯಾಗಿ ಬದಲಾಗುವ ಇದೇ ಸಂದಿಯಲ್ಲಿ ಕಳ್ಳರು ನುಗ್ಗುತ್ತಾರೆ. ಹೆಸರಿನ ಜಾಗದಲ್ಲಿ ಕೊಕ್ಕೆ ಹಾಕಿ, ಹಿಂದೆಯೇ 'ಇಡೀ ಟೇಬಲ್ ಅಳಿಸು' ಎಂದು ಬರೆದರೆ ಪ್ರೋಗ್ರಾಂ ಅದನ್ನೂ ಭಕ್ತಿಯಿಂದ ಸರ್ವರಿಗೆ ದಾಟಿಸುತ್ತದೆ. 1998ರಲ್ಲೇ ಫ್ರಾಕ್ ಎಂಬ ಹ್ಯಾಕರುಗಳ ಪತ್ರಿಕೆಯಲ್ಲಿ ಈ ತಂತ್ರ ಪ್ರಕಟವಾಗಿತ್ತು, ಇಂದಿಗೂ ನಡೆಯುತ್ತಿದೆ. ಪರಿಹಾರ ಕಷ್ಟದ್ದಲ್ಲ. ಆಜ್ಞೆಯನ್ನು ಮೊದಲು ಒಂದಾಗಿ ಕಳಿಸಿ, ಹೆಸರನ್ನು ಬೇರೆಯಾಗಿ ಒಪ್ಪಿಸಬೇಕು. ಅಂಚೆಯವನು ಲಕೋಟೆಯ ಮೇಲಿನ ವಿಳಾಸ ಓದುತ್ತಾನೆ, ಒಳಗಿನ ಕಾಗದ ಓದುವುದಿಲ್ಲ, ಹಾಗೆ. ಆಗ ಕೊಕ್ಕೆಯೂ ಉಳಿಯುತ್ತದೆ, ಕಳ್ಳನೂ ಹೊರಗುಳಿಯುತ್ತಾನೆ. ಬೆಂಗಳೂರಿನ ದೊಡ್ಡ ಕಂಪನಿಗಳು ತಜ್ಞರನ್ನಿಟ್ಟು ಹುಡುಕಿಸುವ ತೂತನ್ನು ಕರಾವಳಿಯ ಹೊಸಬರಿಗೆ ಮೊದಲ ದಿನವೇ ಒಂದು ಮಗುವಿನ ಹೆಸರು ತೋರಿಸಿಕೊಡುತ್ತದೆ. ಇದನ್ನು ಬಾಲಿಶ ಪ್ರಶ್ನೆ ಎನ್ನುವುದು ಹೇಗೆ?

ಫೋನ್ ನಂಬರಿನ ಕಥೆ ಚಿಕ್ಕದು. "ಎಲ್ಲರ ಮೊಬೈಲ್ ನಂಬರೂ 2147483647 ಆಗಿಬಿಟ್ಟಿದೆ!" ಸಾಧಾರಣ ಪೂರ್ಣಾಂಕದ ಕಾಲಮ್ಮಿಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಲ್ಲಿ ಶುರುವಾಗಿ ಹತ್ತಂಕಿ ಇರುವುದರಿಂದ ಒಂದೂ ಅದರೊಳಗೆ ಹಿಡಿಸದು. ಹಳೇ ಮೈಎಸ್‌ಕ್ಯೂಎಲ್ ತನ್ನಿಂದಾದಷ್ಟು ದೊಡ್ಡದನ್ನು ಇಟ್ಟು ಸುಮ್ಮನಾಗುತ್ತಿತ್ತು. ಫೋನ್ ನಂಬರನ್ನು ಪಠ್ಯವಾಗಿಯೇ ಇಡಿ. ಎರಡು ಫೋನ್ ನಂಬರುಗಳನ್ನು ಕೂಡಿಸುವ ಪ್ರಮೇಯ ಯಾರಿಗೂ ಬರುವುದಿಲ್ಲ.

"ಲಾಸ್ಟ್ ನೇಮ್ ಇಲ್ಲದವರಿಗೆ ಏನು ಹಾಕಲಿ?" ಎಂಬುದಕ್ಕೂ ಉತ್ತರ ಅಷ್ಟೇ ನೇರ: ಆ ಕಾಲಮ್ಮನ್ನೇ ಕಿತ್ತುಹಾಕಿ, 'ಹೆಸರು' ಎಂಬ ಒಂದನ್ನೇ ಇಡಿ. ಊರಿನದೊಂದು, ತಂದೆಯದೊಂದು ಇನಿಶಿಯಲ್ ಹೊತ್ತ ಜನಕ್ಕೆ ಕುಟುಂಬನಾಮ ಕಡ್ಡಾಯ ಮಾಡಿ, ಅವರು ಒಂದು ಚುಕ್ಕಿ ಇಟ್ಟು ತಪ್ಪಿಸಿಕೊಂಡರೆ, ತಪ್ಪು ಫಾರಂ ಮಾಡಿದವರದು.

ಇಂಥ ಪ್ರಶ್ನೆಗಳಿಗೆ ಈಗ ಎಐ ತಕ್ಷಣ ಉತ್ತರ ಕೊಡುತ್ತದೆ, ಕನ್ನಡದಲ್ಲೂ. ಒಳ್ಳೆಯದೇ. ಆದರೂ ಕಾರಣವನ್ನು ಕನ್ನಡದಲ್ಲಿ ಕೂತು ಬರೆದಿಟ್ಟವರು ಕಡಿಮೆ; ಬರೆದಿಲ್ಲದ್ದನ್ನು ಯಂತ್ರವಾದರೂ ಎಲ್ಲಿಂದ ಓದೀತು? ಇಂದಿನ ಡೇಟಾಬೇಸುಗಳಿಗೆ ತಳಪಾಯ ಹಾಕಿದ ಎಡ್ಗರ್ ಕಾಡ್, ಐಬಿಎಂನಲ್ಲಿದ್ದಾಗ 1970ರಲ್ಲಿ ಬರೆದ ಪ್ರಬಂಧವನ್ನು ಶುರುಮಾಡುವುದೇ ಒಂದು ಬೇಡಿಕೆಯಿಂದ: ಮಾಹಿತಿ ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆ ಎಂದು ತಿಳಿದಿರಬೇಕಾದ ಹಂಗು ಬಳಸುವವರಿಗೆ ಇರಬಾರದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಬಹುಮಟ್ಟಿಗೆ ಸಿಕ್ಕಿತು. 'ಕೋ' ಒಳಗೆ ಎಷ್ಟು ತುಂಡು ಎಂದು ನಾವಿನ್ನೂ ಲೆಕ್ಕ ಹಾಕುತ್ತಿದ್ದೇವೆ.

ಮುಂದಿನ ಸಂಚಿಕೆಯಿಂದ ಪತ್ರಿಕೆಯ ಎರಡು ಪುಟ ಈ ಪ್ರಶ್ನೆಗಳಿಗೆ ಮೀಸಲು. ಉತ್ತರ ಬರೆಯುವವರಿಗೆ ನಮ್ಮ ಷರತ್ತು ಒಂದೇ, ಯಾಕೆ ಎಂಬುದು ಮೊದಲು ಬರಬೇಕು, ಕೋಡ್ ಆಮೇಲೆ. ಕೇಳುವವರು ಏನು ಟೈಪ್ ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು ಎಂದು ಬರೆಯಿರಿ. "ಏನೋ ಎರರ್ ಬರ್ತಿದೆ" ಎಂದಷ್ಟೇ ಬರೆದರೆ ನಮ್ಮಿಂದ ಏನೂ ಆಗದು. ಪರದೆಯ ಫೋಟೊ ಬೇಡ, ಎರರಿನ ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ. ಕಳಿಸುವ ಮುನ್ನ ಅದರಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದರೆ ದಯವಿಟ್ಟು ಅಳಿಸಿ.