ಉಮ್ಮನಿಗೆ ಬರೀ ಮಾತು ಸಾಕೆ?

ಮಗು ಹುಟ್ಟಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತೊಂದಿದೆ: "ಉಮ್ಮ, ಉಪ್ಪ ನಮಗಾಗಿ ಎಷ್ಟು ಕಷ್ಟಪಟ್ಟಿದ್ದಾರೆಂದು ಈಗ ಗೊತ್ತಾಯಿತು." ಮಾತು ನಿಜವೇ. ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೋಣೆಯೊಳಗೆ ಅತ್ತಿತ್ತ ನಡೆದವರಿಗೆ ಅದನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಆದರೆ ಗೊತ್ತಾದ ಮೇಲೆ ನಾವು ಮಾಡುವುದೇನು? ಕೂಸನ್ನು ಪುನಃ ಅದೇ ಉಮ್ಮನ ಕೈಗೆ ಕೊಡುತ್ತೇವೆ.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ನಾವು ಚಿಕ್ಕವರಿದ್ದಾಗ ಉಪ್ಪ ಗಲ್ಫಿನಲ್ಲಿದ್ದರು. ಮಗು ನಡೆಯಲು ಕಲಿತದ್ದು ಅವರಿಗೆ ಕಾಗದದಲ್ಲಿ ತಿಳಿಯುತ್ತಿತ್ತು. ಇತ್ತ ಶಾಲೆ, ರೇಷನ್, ಜ್ವರ, ಅತ್ತೆ ಮಾವಂದಿರ ಆರೈಕೆ ಎಲ್ಲವೂ ಉಮ್ಮನ ತಲೆಯ ಮೇಲೆ. ಒಬ್ಬರಿಗೆ ಮಕ್ಕಳ ಬಾಲ್ಯ ತಪ್ಪಿತು, ಇನ್ನೊಬ್ಬರಿಗೆ ನಿದ್ದೆ. ಈಗ ಅವರಿಗೆ ವಯಸ್ಸಾಗಿದೆ. ಒಮ್ಮೆ ಮಕ್ಕಳನ್ನು ಸಾಕಿದವರು ಇನ್ನೊಮ್ಮೆ ಸಾಕಬೇಕೆಂದು ಯಾರೂ ಕೇಳಿಲ್ಲ. ಸಾಕುತ್ತಾರೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

"ಅಜ್ಜಿಗೆ ಮೊಮ್ಮಗುವೆಂದರೆ ಪ್ರಾಣ" ಎಂದು ಕೆಲವರು ಹೇಳಬಹುದು. ಹೌದು, ಪ್ರಾಣವೇ. ಆದರೆ ಪ್ರೀತಿ ಇದೆಯೆಂದು ಮಂಡಿನೋವು ಮಾಯವಾಗುವುದಿಲ್ಲ.

ಇನ್ನೊಂದು ವಿಷಯ, ವಿಶೇಷವಾಗಿ ಗಂಡಸರಿಗೆ. ಚೊಚ್ಚಲ ಹೆರಿಗೆ, ಬಾಣಂತನ ಹುಡುಗಿಯ ತವರಿನಲ್ಲಿ ಎಂಬುದು ನಮ್ಮ ವಾಡಿಕೆ. 40 ದಿನ ಎಣ್ಣೆ ನೀರು, ಮದ್ದು, ಪಥ್ಯದ ಅಡುಗೆ, ನೋಡಲು ಬಂದವರಿಗೆ ಚಹಾ ತಿಂಡಿ. ಅನೇಕ ಕಡೆ ಆಸ್ಪತ್ರೆಯ ಬಿಲ್ಲೂ ತವರಿನವರದ್ದೇ. ಅಪ್ಪನಾದ ಅಳಿಯ ತನ್ನ ಉಮ್ಮನನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ. ಅವನ ಮಗುವಿಗಾಗಿ ಈಗಲೇ ನಿದ್ದೆಗೆಡುತ್ತಿರುವ ಹೆಂಡತಿಯ ಉಮ್ಮ ಅವನ ಲೆಕ್ಕಕ್ಕೆ ಬರುವುದಿಲ್ಲ. ಸಾಲ ಮಾಡಿ ಖರ್ಚು ತೂಗಿಸಿದ ಮಾವನೂ ಬರುವುದಿಲ್ಲ. ಇದು ಅರ್ಧ ಕೃತಜ್ಞತೆ.

ಸೂರಾ ಲುಕ್ಮಾನ್‌ನ 14ನೇ ವಚನ ತಂದೆ ತಾಯಿಗೆ ಕೃತಜ್ಞರಾಗಿರಬೇಕೆಂದು ಹೇಳುವಾಗ ತಾಯಿ ಗರ್ಭ ಹೊತ್ತ ಬಳಲಿಕೆಯನ್ನೂ ಎರಡು ವರ್ಷದೊಳಗೆ ಹಾಲು ಬಿಡಿಸುವುದನ್ನೂ ಎತ್ತಿ ಹೇಳುತ್ತದೆ. ಅಂದರೆ ದೇಹ ಸವೆದದ್ದು ಅಲ್ಲಿ ಲೆಕ್ಕಕ್ಕಿದೆ. ನಮ್ಮ ಕೃತಜ್ಞತೆಯೂ ಹಾಗೆಯೇ ಇರಬೇಕಲ್ಲವೆ? ಸ್ಟೇಟಸ್‌ನಲ್ಲಿ ಫೋಟೋ ಹಾಕುವುದು ಸುಲಭ. ಹೆರಿಗೆಯ ಬಿಲ್ಲು ಮಗುವಿನ ತಂದೆ ಕೊಡಲಿ. ಬಾಣಂತನದ ರಾತ್ರಿಗಳಲ್ಲಿ ಕೆಲವನ್ನಾದರೂ ಅವನು ಕಾಯಲಿ, ಬಟ್ಟೆ ಒಗೆಯಲಿ. ಕೆಲಸಕ್ಕೆ ಹೋಗುವಾಗ ಮಗುವನ್ನು ಬಿಡುವ ಮುಂಚೆ "ಉಮ್ಮ, ಇವತ್ತು ನಿಮಗೆ ಆಗುತ್ತದಾ?" ಎಂದು ಕೇಳೋಣ. ಆಗುವುದಿಲ್ಲ ಎಂದರೆ ಮುಖ ಸಣ್ಣದು ಮಾಡದೆ ಬೇರೆ ದಾರಿ ನೋಡೋಣ.

ನಮ್ಮ ಮಕ್ಕಳು ಇದನ್ನೆಲ್ಲ ನೋಡುತ್ತಿದ್ದಾರೆ. ನಾಳೆ ಅವರು ನಮ್ಮೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಲಿಯುತ್ತಿರುವುದೂ ಇಲ್ಲೇ.