ಚಿತ್ರಕಥೆಯ ನಾಯಕಿ

ಬಿಳೇಕಹಳ್ಳಿಯ ನಮ್ಮ ನೆರೆಮನೆಯಲ್ಲಿ ಒಬ್ಬ ಬಾಲಕಿಯಿದ್ದಾಳೆ. ಚಿತ್ರಕಥೆಗಳೆಂದರೆ ಅವಳಿಗೆ ಪ್ರಾಣ. ಮಾಂಗಾ ಎಂದು ಹೆಸರಾದ ಜಪಾನಿನ ಚಿತ್ರಕಥೆಗಳನ್ನೂ ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಕಾಮಿಕ್ಸ್‌ಗಳನ್ನೂ ಮೊಬೈಲಿನಲ್ಲಿ ಓದುತ್ತಾಳೆ. ಒಂದು ಸಂಜೆ ತಾನು ಬರೆದ ಚಿತ್ರವೊಂದನ್ನು ತಂದು ತೋರಿಸಿದಳು. ಅರ್ಧ ಮುಖವನ್ನು ತುಂಬಿದ ಕಣ್ಣುಗಳು, ಹಿಡಿಯಲ್ಲಿ ಅಡಗುವಂಥ ನಡು, ಹಾಲಿನಂಥ ಮೈಬಣ್ಣ. "ಯಾರಮ್ಮ ಇವಳು?" ಎಂದೆ. "ನಾನೇ, ತಾತ" ಎಂದಳು. ಅವಳ ಶ್ಯಾಮಲವರ್ಣವಾಗಲಿ, ದಿನವೂ ಧರಿಸುವ ಕನ್ನಡಕವಾಗಲಿ ಅಲ್ಲಿರಲಿಲ್ಲ. ತನ್ನ ಚಿತ್ರದಿಂದ ಅವಳು ತನ್ನನ್ನೇ ಹೊರಗಿಟ್ಟಿದ್ದಳು!

ಈ ದೋಷವನ್ನು ಹೊರನಾಡಿನ ಕಥೆಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರಕಥೆ'ಯು ಪುರಾಣ, ಇತಿಹಾಸಗಳನ್ನು ಅಸಂಖ್ಯ ಮಕ್ಕಳ ಕೈಗಿತ್ತಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಅದರಲ್ಲಿಯೂ ಅನೇಕ ನಾಯಕಿಯರು ಒಂದೇ ಎರಕದ ಬೊಂಬೆಗಳಂತೆ ತೋರುತ್ತಾರೆ.

ಚಿತ್ರಕಥೆಯೆಂದ ಮೇಲೆ ಉತ್ಪ್ರೇಕ್ಷೆ ಸಹಜವಲ್ಲವೆ, ಗಂಡಸರ ಚಿತ್ರಗಳೂ ಹಾಗೆಯೇ ಇಲ್ಲವೆ ಎಂದು ಕೆಲವರು ಕೇಳಬಹುದು. ನಿಜ. ಆದರೆ ಆ ಕಥೆಗಳಲ್ಲಿ ಬೋಳುತಲೆಯವನು, ಡೊಳ್ಳುಹೊಟ್ಟೆಯವನು, ಕುಳ್ಳ, ಮುದುಕ ಎಲ್ಲರಿಗೂ ಎಡೆಯುಂಟು. ಹೆಣ್ಣಿಗೆ ಮಾತ್ರ ಬಹುಮಟ್ಟಿಗೆ ಒಂದೇ ರೂಪ. ನನ್ನ ಆಕ್ಷೇಪವಿರುವುದು ಉತ್ಪ್ರೇಕ್ಷೆಗಲ್ಲ, ಈ ಏಕರೂಪತೆಗೆ.

ಹಾಗಾದರೆ ನಾಯಕಿಯ ಕೈಗೆ ಖಡ್ಗವನ್ನಿತ್ತರೆ ಸಾಲದೆ? ಸಾಲದು. 1953ರಲ್ಲಿ ತೆಜುಕಾ ಒಸಾಮು ಅವರು ಆರಂಭಿಸಿದ ಪ್ರಸಿದ್ಧ ಮಾಂಗಾವೊಂದರ ರಾಜಕುಮಾರಿ ವೀರಳೇ ಹೌದು. ಆದರೆ ಸಿಂಹಾಸನಕ್ಕಾಗಿ ಆಕೆ ಗಂಡುವೇಷವನ್ನು ಧರಿಸಬೇಕಾಯಿತು. ನಮ್ಮ ಸಾವಿತ್ರಿಯನ್ನು ನೋಡಿ. ಆಕೆ ಆಯುಧವನ್ನು ಹಿಡಿಯಲಿಲ್ಲ. ಜಾಣ್ಮೆಯ ಮಾತಿನಿಂದಲೇ ಯಮನನ್ನು ಗೆದ್ದಳು. ಆಕೆಯನ್ನು ತೆಗೆದುಬಿಟ್ಟರೆ ಕಥೆಯೇ ಇಲ್ಲ. ನಾಯಕಿಗೆ ಬೇಕಾದುದು ಸ್ವಂತ ಬುದ್ಧಿ, ಸ್ವಂತ ಸಂಕಲ್ಪ.

ಸಾಮಾನ್ಯ ಹೆಣ್ಣೂ ಕಥೆಯ ಕೇಂದ್ರವಾಗಬಲ್ಲಳು. ಹಾಸೆಗಾವಾ ಮಚಿಕೊ ಎಂಬ ಜಪಾನಿ ಮಹಿಳೆ 1946ರಿಂದ 1974ರವರೆಗೆ 'ಸಜಾಎ ಸಾನ್' ಎಂಬ ಗೃಹಿಣಿಯ ಕಥೆಯನ್ನು ದಿನಪತ್ರಿಕೆಗಳಲ್ಲಿ ಚಿತ್ರಿಸಿದರು. ಅವಸರದಲ್ಲಿ ಎಡವುವ, ಮನಬಿಚ್ಚಿ ಮಾತಾಡುವ ಆ ಗೃಹಿಣಿಯನ್ನು ಇಡೀ ದೇಶವೇ ಮೆಚ್ಚಿತು. ನಮ್ಮ ಬೆಂಗಳೂರಿನಲ್ಲಿಯೇ ವ್ಯಂಗ್ಯಚಿತ್ರಗಾರ್ತಿ ಮಾಯಾ ಕಾಮತ್ (1951–2001) ಅವರು 'ಗೀತಾ' ಎಂಬ ಚಿತ್ರಮಾಲೆಯಲ್ಲಿ ಸಂಸಾರದ ದಿನನಿತ್ಯವನ್ನು ನಗೆಯಾಗಿಸಿದರು. ಹೆಂಗಸರೇ ಕುಂಚ ಹಿಡಿದಾಗ ಚಿತ್ರದ ಹೆಣ್ಣು ನೋಟದ ವಸ್ತುವಾಗಿ ಉಳಿಯದೆ, ಲೋಕವನ್ನು ನೋಡುವವಳೂ ಆಗುತ್ತಾಳೆಂಬುದಕ್ಕೆ ಇವು ನಿದರ್ಶನಗಳು.

ಎಳೆಯ ಮಿತ್ರರೇ, ಚಿತ್ರಕಥೆಗಳನ್ನು ಓದಬೇಡಿರೆಂದು ನಾನು ಹೇಳಲಾರೆ. ಓದಿರಿ, ಆದರೆ ಪ್ರಶ್ನಿಸುತ್ತ ಓದಿರಿ. ಈ ಹೆಣ್ಣು ಏನನ್ನು ಬಯಸುತ್ತಾಳೆ? ಯಾವ ನಿರ್ಧಾರವನ್ನು ತಾನೇ ಕೈಗೊಳ್ಳುತ್ತಾಳೆ? ಇವಳಿಲ್ಲದಿದ್ದರೆ ಕಥೆ ನಿಲ್ಲುತ್ತದೆಯೆ? ಉತ್ತರ ದೊರೆಯದಿದ್ದಲ್ಲಿ ಆಕೆ ನಾಯಕಿಯಲ್ಲ, ಬರಿಯ ಅಲಂಕಾರ. ನೆರೆಮನೆಯ ಬಾಲಕಿಗೂ ನಾನು ಇಷ್ಟನ್ನೇ ಹೇಳಿದೆ: "ಚಿತ್ರ ಚೆನ್ನಾಗಿದೆ ಮಗಳೇ. ಇನ್ನೊಂದು ಬರೆ. ಅದಕ್ಕೆ ಕನ್ನಡಕವಿರಲಿ."