ದ್ವೀಪದ ಮದುವೆಗೆ ಹಸಿರು ತೋರಣ

ಬೀಜ ಬೆರೆಸಿದ ಕಾಗದದಲ್ಲಿ ಅಚ್ಚಾದ ಮದುವೆಯ ಕರೆಯೋಲೆ ಬೆಂಗಳೂರಿನ ಮನೆಗಳಿಗೆ ಈಗ ಅಪರೂಪವಲ್ಲ. ಓದಿದ ಮೇಲೆ ಕುಂಡದಲ್ಲಿ ಹೂತರೆ ತುಳಸಿಯೋ ಚೆಂಡುಹೂವೋ ಮೊಳೆಯುತ್ತದೆಂಬ ಭರವಸೆ ಅದರ ಮೂಲೆಯಲ್ಲಿರುತ್ತದೆ. ಮದುವೆ ನಡೆಯುವುದು ಮಾತ್ರ ಇಂಡೊನೇಷ್ಯಾದ ಬಾಲಿಯಲ್ಲಿ. 2024ರ ಮಾರ್ಚ್‌ನಲ್ಲಿ ಇಲ್ಲಿಂದ ಅಲ್ಲಿಗೆ ನೇರ ವಿಮಾನ ಆರಂಭವಾದ ಮೇಲೆ ಮಧ್ಯಮ ವರ್ಗದ ಮೇಲ್ಪದರಕ್ಕೂ ಈ ಕನಸು ಕೈಗೆಟುಕಿದೆ. ನನ್ನ ಬಂಧುವರ್ಗದಲ್ಲೇ ಅಂಥದೊಂದು ‘ಪರಿಸರಸ್ನೇಹಿ’ ವಿವಾಹದ ಸಿದ್ಧತೆ ನಡೆದಿದೆ. ಆಯೋಜಕರ ಯೋಜನೆಯನ್ನು ಒಮ್ಮೆ ಪರಿಶೀಲಿಸಿಕೊಡಿ ಎಂದು ಕೇಳಿದ್ದರಿಂದ ಕುಳಿತು ಓದಿದೆ.

ಬಿದಿರಿನ ಹೀರುಗೊಳವೆ, ಬಟ್ಟೆಯ ಚೀಲ, ಗಾಜಿನ ಲೋಟ. ಪ್ಲಾಸ್ಟಿಕ್ಕಿನ ಸುಳಿವೇ ಇಲ್ಲ. ಆದರೆ ಚೀಲ, ಥರ್ಮೊಕೋಲ್, ಹೀರುಗೊಳವೆಗಳ ಪ್ಲಾಸ್ಟಿಕ್ಕನ್ನು ಬಾಲಿಯ ಆಡಳಿತ 2019ರಲ್ಲೇ ನಿಷೇಧಿಸಿದೆ. ಕಾನೂನು ಪಾಲಿಸುವುದನ್ನೇ ತ್ಯಾಗವೆಂದು ಬರೆದುಕೊಂಡಂತಾಯಿತು. ಅಡಕೆ ಹಾಳೆಯ ತಟ್ಟೆಗಳನ್ನು ಮಲೆನಾಡಿನಿಂದ ವಿಮಾನದಲ್ಲಿ ಒಯ್ಯುವುದಂತೆ, ಬಾಳೆ ಎಲೆ ಬೇಕಾದಷ್ಟು ಬೆಳೆಯುವ ದ್ವೀಪಕ್ಕೆ! ಇವೆಲ್ಲಕ್ಕಿಂತ ಮುಖ್ಯವಾದ ಸಾಲು ಯಾರ ಗಮನಕ್ಕೂ ಬಾರದಂತೆ ಮೇಲ್ಗಡೆ ಇತ್ತು: ‘ಅತಿಥಿಗಳು: 200’.

ಬೆಂಗಳೂರಿನಿಂದ ಬಾಲಿಗೆ ಹೋಗಿಬರಲು ಸುಮಾರು 9,600 ಕಿಲೋಮೀಟರ್. ಸಾಮಾನ್ಯ ದರ್ಜೆಯ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಡೈ ಆಕ್ಸೈಡ್ ಅರ್ಧ ಟನ್ನಿಗಿಂತ ಹೆಚ್ಚು. ಇನ್ನೂರು ಮಂದಿಗೆ ನೂರು ಟನ್ ದಾಟುತ್ತದೆ. ಭಾರತೀಯನೊಬ್ಬನ ಸರಾಸರಿ ಹೊರಸೂಸುವಿಕೆ ವರ್ಷಕ್ಕೆ ಸುಮಾರು ಎರಡು ಟನ್. ಅಂದರೆ ಐವತ್ತು ಮಂದಿ ವರ್ಷವಿಡೀ ಅಡುಗೆ, ದೀಪ, ಓಡಾಟಗಳಿಗೆ ವ್ಯಯಿಸುವಷ್ಟನ್ನು ಮೂರು ದಿನದ ಸಂಭ್ರಮ ಆಕಾಶದಲ್ಲೇ ಮುಗಿಸಿರುತ್ತದೆ. ಇದರ ಮುಂದೆ ಹೀರುಗೊಳವೆಯ ಲೆಕ್ಕ ಎಲ್ಲಿಯದು?

ದ್ವೀಪಕ್ಕೆ ಇಳಿದ ಮೇಲಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ಬಾಲಿ ನಮ್ಮ ಕೊಡಗಿನ ಸುಮಾರು ಒಂದೂವರೆಯಷ್ಟು ವಿಸ್ತಾರದ ನೆಲ. 40 ಲಕ್ಷಕ್ಕೂ ಮೀರಿದ ಜನರಿರುವ ಅಲ್ಲಿಗೆ 2019ರಲ್ಲಿ ಬಂದ ವಿದೇಶಿ ಪ್ರವಾಸಿಗಳೇ 60 ಲಕ್ಷಕ್ಕಿಂತ ಹೆಚ್ಚು. ಮದುವೆಯ ಚಿತ್ರಗಳಲ್ಲಿ ಕಾಣುವ ಕಡಲಂಚಿನ ಬಂಡೆಗಳಿರುವುದು ದಕ್ಷಿಣದ ಬುಕಿಟ್ ಪರ್ಯಾಯದ್ವೀಪದಲ್ಲಿ. ಅದು ಸುಣ್ಣಕಲ್ಲಿನ ಒಣಭೂಮಿ. ಸುರಿದ ಮಳೆ ಮೇಲೆ ನಿಲ್ಲದೆ ಇಂಗಿಹೋಗುತ್ತದೆ. ಅಲ್ಲಿನ ಈಜುಕೊಳಗಳಿಗೂ ಹುಲ್ಲುಹಾಸುಗಳಿಗೂ ನೀರು ಬೇರೆಡೆಯಿಂದ ಕೊಳವೆಯಲ್ಲೋ ಟ್ಯಾಂಕರಿನಲ್ಲೋ ಬರಬೇಕು, ಇಲ್ಲವೇ ಆಳದಿಂದ ಎತ್ತಬೇಕು. ನೂರಾರು ವರ್ಷಗಳಿಂದ ದೇವಾಲಯಗಳ ಸುತ್ತ ರೈತರೇ ನೀರು ಹಂಚಿಕೊಂಡು ಬಂದ ‘ಸುಬಕ್’ ಪದ್ಧತಿಗೆ 2012ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಅದೇ ದ್ವೀಪದಲ್ಲಿ ಗದ್ದೆಗಳು ವಿಲ್ಲಾಗಳಾಗುತ್ತಿವೆ. ಕಸದ ಕಥೆಯೂ ಇಂಥದೇ. ಡೆನ್ಪಸಾರ್ ಬಳಿ ಕಾಂಡ್ಲಾ ಕಾಡಿನ ಅಂಚಿನಲ್ಲಿ ದಶಕಗಳಿಂದ ಬೆಳೆದ ಸುವುಂಗ್ ತಿಪ್ಪೆಗುಡ್ಡ 2023ರ ಅಕ್ಟೋಬರ್‌ನಲ್ಲಿ ಹೊತ್ತಿಕೊಂಡು ದಿನಗಟ್ಟಲೆ ಉರಿಯಿತು. ಬಿದಿರಿನ ತಟ್ಟೆಯೂ, ಉಳಿದ ಪಾಯಸವೂ, ಬಾಡಿದ ಮಂಟಪದ ಹೂವೂ ಕೊಳೆಯಬೇಕಾದುದು ಆ ದ್ವೀಪದಲ್ಲೇ.

ಹಾಗಾದರೆ ಯಾರೂ ಹೋಗಬಾರದೇ? ಹಾಗೆನ್ನುವುದು ಸುಲಭ, ನ್ಯಾಯವಲ್ಲ. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ವಿಮಾನಗಳು ನಿಂತಾಗ ಬಾಲಿಯ ಅಡುಗೆಯವರು, ಚಾಲಕರು, ನರ್ತಕರು ಪಟ್ಟ ಪಾಡು ಕಡಿಮೆಯದಲ್ಲ. ಹಲವರು ಹಳ್ಳಿಗೆ ಮರಳಿ ಗದ್ದೆ ನಂಬಿ ಬದುಕಿದರು. ಪ್ರವಾಸಿಯ ಹಣ ಅವರಿಗೆ ಬೇಕು. ನನ್ನ ತಕರಾರು ಹೋಗುವುದರ ಬಗ್ಗೆಯಲ್ಲ, ಮಂದೆಯಾಗಿ ಹೋಗಿ ಅದಕ್ಕೆ ಹಸಿರು ಬಣ್ಣ ಬಳಿಯುವುದರ ಬಗ್ಗೆ.

ವಿಪರ್ಯಾಸವೆಂದರೆ, ದ್ವೀಪದಲ್ಲಿ ಹಬ್ಬ ಆಚರಿಸುವುದು ಹೇಗೆಂದು ಬಾಲಿಯವರು ನಮಗಿಂತ ಚೆನ್ನಾಗಿ ಬಲ್ಲರು. ಅವರ ಹೊಸ ವರ್ಷ ‘ನ್ಯೆಪಿ’. ನಮ್ಮ ಯುಗಾದಿಯಂತೆ ಅದೂ ಶಕವರ್ಷದ ಮೊದಲ ದಿನ; 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದವು, ಎರಡೂ ಕಡೆ ಶಕ 1945 ಆರಂಭವಾಯಿತು. ಹಿಂದಿನ ಸಂಜೆ ‘ಒಗೊ–ಒಗೊ’ ಎಂಬ ಭೂತಾಕೃತಿಗಳ ಅಬ್ಬರದ ಮೆರವಣಿಗೆ. ಥರ್ಮೊಕೋಲಿನಲ್ಲಿ ಅವನ್ನು ಮಾಡುವ ಚಾಳಿ ಬೆಳೆದಾಗ ಮತ್ತೆ ಬಿದಿರು, ಕಾಗದಕ್ಕೆ ಮರಳುವ ಒತ್ತಾಯ ಅಲ್ಲಿಂದಲೇ ಎದ್ದಿತು (ನಮ್ಮ ಪ್ಲಾಸ್ಟರ್ ಗಣಪತಿಗಳ ವಾಗ್ವಾದ ನೆನಪಾಗುತ್ತದೆ). ಮರುದಿನ ಬೆಳಗಿನಿಂದ 24 ಗಂಟೆ ಬೆಂಕಿ, ದೀಪ, ದುಡಿಮೆ, ಪ್ರಯಾಣ, ಮನರಂಜನೆ ಯಾವುದೂ ಇಲ್ಲ. ವಿಮಾನ ನಿಲ್ದಾಣ ಮುಚ್ಚುತ್ತದೆ. 2018ರಿಂದ ಮೊಬೈಲ್ ಅಂತರಜಾಲವೂ ಸ್ಥಗಿತ. ಪ್ರವಾಸಿಯೂ ಹೋಟೆಲಿನ ಹೊರಗೆ ಕಾಲಿಡುವಂತಿಲ್ಲ. ಊರ ಕಾವಲುಗಾರರು ಬೀದಿಬೀದಿ ಸುತ್ತಿ ನೋಡಿಕೊಳ್ಳುತ್ತಾರೆ.

ನನ್ನ ಬಂಧುಗಳಿಗೆ ಮೌನವ್ರತದ ಮದುವೆ ಮಾಡಿರೆಂದು ನಾನು ಹೇಳಲಿಲ್ಲ. ಸಂಖ್ಯೆಯನ್ನು ಇಳಿಸಿ ಎಂದೆ. ಧಾರೆಯೂ ಊಟವೂ ಇಲ್ಲೇ, ಊರಿನವರ ನಡುವೆ ನಡೆಯಲಿ. ಬಾಲಿಗೆ ಎರಡೂ ಮನೆಯ ಹತ್ತಿಪ್ಪತ್ತು ಜನ ಹೋಗಲಿ, ಹೋದವರು ವಾರವಾದರೂ ಇದ್ದು ಬರಲಿ. ಬುಕಿಟ್‌ನ ಭವ್ಯ ಹೋಟೆಲಿಗಿಂತ ನೀರಿರುವ ಒಳನಾಡಿನ ಹಳ್ಳಿಯೊಂದರ ವಸತಿಗೃಹ ಲೇಸು. ಡಿಸೆಂಬರ್ ರಜೆಯೆಂದು (ಧನುರ್ಮಾಸವನ್ನೂ ಲೆಕ್ಕಿಸದೆ) ದಿನ ಇಟ್ಟರೆ, ಅದು ಅಲ್ಲಿ ಮಳೆಗಾಲ. ಸಮುದ್ರದ ಪ್ಲಾಸ್ಟಿಕ್ಕೆಲ್ಲ ಕುಟಾ ದಂಡೆಗೆ ಬಂದು ಬೀಳುವ ಕಾಲ. ಮೇ–ಜೂನ್ ವಾಸಿ. ಅಲಂಕಾರಕ್ಕೆ ಹೊರಗಿನಿಂದ ಹೂ ತರಿಸುವುದೇಕೆ? ಎಳೆಯ ತೆಂಗಿನ ಗರಿ ಹೆಣೆಯುವುದರಲ್ಲಿ ಬಾಲಿಯ ಹೆಂಗಸರಿಗೆ ಸರಿಸಾಟಿಯಿಲ್ಲ. ಚೆಂಡುಹೂವನ್ನು ಅಲ್ಲಿನ ರೈತರೇ ಬೆಳೆಯುತ್ತಾರೆ.

ಆಯೋಜಕರಿಗೆ ಮೂರು ಪ್ರಶ್ನೆ ಬರೆದು ಕಳುಹಿಸಿದ್ದೇವೆ: ನೀರು ಯಾವ ಬಾವಿಯದು, ಕಸ ಯಾವ ಗುಂಡಿಗೆ, ದುಡಿಯುವವರಲ್ಲಿ ಆ ಊರಿನವರೆಷ್ಟು? ಹೀರುಗೊಳವೆಯ ಬಗ್ಗೆ ನಾಲ್ಕು ಪುಟ ಬರೆದಿದ್ದ ಅವರಿಂದ ಇದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ಟಿಕೆಟ್ ಕಾದಿರಿಸುವುದು ಬೇಡವೆಂದು ಹುಡುಗಿಯೇ ತೀರ್ಮಾನಿಸಿದ್ದಾಳೆ.